ಮೂರಡಿ ಜಾಗದಲ್ಲಿ ಶಂಟಿಂಗ್

ದೇವರಾಜ ಮೊಹಲ್ಲಾದ ನಮ್ಮ ವಠಾರಕ್ಕೆ ಒಂದೇ ಓಣಿ. ಅಗಲ ನಾಲ್ಕಡಿ ಇದ್ದರೆ ಹೆಚ್ಚು. ಓಣಿಯ ತುದಿಗೆ ಒಂದು ಬಾವಿ, ಅದರಾಚೆ ದಾರಿಯಿಲ್ಲ. ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಆ ಚಪ್ಪಡಿಯ ಮೇಲೆ ಸ್ಕೂಟರ್ ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಟ್ಟು ಆರು ಗಾಡಿ. ಮೊದಲು ಮನೆ ಸೇರಿದವರದ್ದು ಬಾವಿಯ ಮೇಲೆ, ಕೊನೆಗೆ ಬಂದವರದ್ದು ಬೀದಿಬಾಗಿಲಲ್ಲಿ. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುವ ಹಿತ್ತಿಲಮನೆಯವರು ಸಂಜೆ ಎಲ್ಲರಿಗಿಂತ ಮೊದಲು ಮನೆಗೆ ಬರುತ್ತಾರೆ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಹೊರಡುವವರೂ ಅವರೇ. ಸಿನಿಮಾ ಸೆಕೆಂಡ್ ಶೋ ಮುಗಿಸಿ ಬರುವ ನಾನು ಬಾಗಿಲಲ್ಲಿ. ಹಾಗಾಗಿ ನಸುಕಿನ ನಾಲ್ಕೂವರೆಗೆ ಐದು ಗಾಡಿ ಬೀದಿಗೆ ಬಂದು, ಒಂದು ಹೋಗಿ, ಐದೂ ಮತ್ತೆ ಒಳಗೆ ಹೋಗುತ್ತವೆ.

ಇದನ್ನೇ ಹಳಿಯ ಮೇಲೆ ಮಾಡಿದರೆ ಅದಕ್ಕೆ ಶಂಟಿಂಗ್ ಎಂದು ಹೆಸರು.

ನಮ್ಮ ಓಣಿಯಿಂದ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಶಂಟಿಂಗ್ ನೋಡಲು ಮೈಸೂರು ಜಂಕ್ಷನ್ ಒಳ್ಳೆಯ ಜಾಗ, ಅದಕ್ಕೆ ಕಾರಣ ಊರಿನ ಭೂಗೋಳ. ಬೆಂಗಳೂರಿನ ಹಳಿ ನಾಗನಹಳ್ಳಿಯ ಕಡೆಯಿಂದ ಸ್ಟೇಷನ್ನಿನ ಉತ್ತರದ ತುದಿಗೆ ಬಂದು ಸೇರುತ್ತದೆ. ಬೆಳಗೊಳ, ಕೃಷ್ಣರಾಜನಗರದ ಮೇಲೆ ಹಾಸನ, ಅರಸೀಕೆರೆಗೆ ಹೋಗುವ ಹಳಿಯೂ ಅದೇ ತುದಿಯಿಂದ ಹೊರಡುತ್ತದೆ. ದಕ್ಷಿಣಕ್ಕಿರುವುದು ಚಾಮರಾಜಪುರಂ, ಅಶೋಕಪುರಂ ಮೂಲಕ ನಂಜನಗೂಡು, ಚಾಮರಾಜನಗರದ ದಾರಿ. ಬೆಂಗಳೂರಿಂದ ಬಂದ ಗಾಡಿ ಹಾಸನಕ್ಕೆ ಹೋಗಬೇಕಾದರೆ ಬಂದ ದಿಕ್ಕಿಗೇ ತಿರುಗಿ ಹೊರಡಬೇಕು. ಎಂಜಿನ್ ಮುಂದೆ ಇದ್ದದ್ದು ಹಿಂದಾಗುತ್ತದೆ. ಅದನ್ನು ಕಳಚಿ, ಪಕ್ಕದ ಖಾಲಿ ಹಳಿಯ ಮೇಲೆ ಗಾಡಿಯ ಉದ್ದಕ್ಕೂ ಓಡಿಸಿ, ಇನ್ನೊಂದು ತುದಿಗೆ ಕಟ್ಟಬೇಕು. ಇಷ್ಟು ನಡೆಯುವ ಹೊತ್ತಿಗೆ ಪ್ಲಾಟ್‌ಫಾರಂ ಮೇಲೆ ಒಂದು ಸುತ್ತು ಕಾಫಿ ಮುಗಿದಿರುತ್ತದೆ. ನಿದ್ದೆಯಿಂದ ಎದ್ದವರು, ಗಾಡಿ ವಾಪಸ್ ಬೆಂಗಳೂರಿಗೆ ಹೊರಟಿತೆಂದು ಗಾಬರಿಬಿದ್ದು ಪಕ್ಕದವರನ್ನು ಕೇಳುವುದನ್ನು ನಾನು ನೋಡಿದ್ದೇನೆ.

ನನ್ನ ಶಂಟಿಂಗ್ ಹುಚ್ಚು ಶುರುವಾದದ್ದು ಬಹಳ ಹಿಂದೆ, ಮೀಟರ್‌ಗೇಜಿನ ಕಾಲದಲ್ಲಿ. 1882ರಲ್ಲಿ ಬೆಂಗಳೂರು–ಮೈಸೂರು ನಡುವೆ ಪೂರ್ತಿಯಾದ ಹಳಿ ಮೀಟರ್‌ಗೇಜಿನದು. ಹಳಿಗಳ ನಡುವೆ ಸರಿಯಾಗಿ ಒಂದು ಸಾವಿರ ಮಿಲಿಮೀಟರ್. ಅದು ಬ್ರಾಡ್‌ಗೇಜ್ ಆದದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ, ಚಾಮರಾಜನಗರದ ಹಳಿ ಇನ್ನೂ ತಡವಾಗಿ. ನಾಲ್ಕೇ ಚಕ್ರದ ಗಿಡ್ಡ ಗೂಡ್ಸ್ ಡಬ್ಬಿಗಳನ್ನು ಎಂಜಿನ್ ಒಂದೊಂದಾಗಿ ಎಳೆದು, ತಳ್ಳಿ, ಸೈಡಿಂಗ್ ಎಂಬ ಬೇರೆ ಬೇರೆ ಪಕ್ಕದ ಹಳಿಗಳಿಗೆ ಹಂಚುತ್ತಿದ್ದ ದೃಶ್ಯ ನನಗೆ ಯಾವ ಎಕ್ಸ್‌ಪ್ರೆಸ್ಸಿಗಿಂತಲೂ ಹೆಚ್ಚು. ಎಕ್ಸ್‌ಪ್ರೆಸ್ ಬರುತ್ತದೆ, ಹೋಗುತ್ತದೆ, ಅಷ್ಟೇ. ಶಂಟಿಂಗ್ ಎಂಜಿನ್ನಿಗೆ ತಲೆ ಇದೆ ಅನ್ನಿಸುತ್ತಿತ್ತು. ತಲೆ ಇದ್ದದ್ದು ಕೆಳಗೆ ಹಸಿರು, ಕೆಂಪು ಬಾವುಟ ಹಿಡಿದು ನಿಂತ ಶಂಟಿಂಗ್ ಮಾಸ್ಟರರಿಗೆ ಎಂದು ಆಮೇಲೆ ಗೊತ್ತಾಯಿತು.

ಪುಟಾಣಿ ರೈಲು ಕಟ್ಟಬೇಕೆಂದು ಹೊರಡುವವರೆಲ್ಲ ಮೊದಲು ಎಕ್ಸ್‌ಪ್ರೆಸ್ಸನ್ನೇ ಕನಸು ಕಾಣುತ್ತಾರೆ. ನಾನೂ ಕಂಡೆ. ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವ ಅಳತೆಗೆ ಎಚ್‌ಒ ಎಂದು ಹೆಸರು. ನಿಜವಾದ ವಸ್ತು 87 ಇದ್ದರೆ ಮಾದರಿ 1. ನಮ್ಮ ಹಳೆಯ ಐಸಿಎಫ್ ಬೋಗಿ 21.3 ಮೀಟರ್ ಉದ್ದ. 87ರಿಂದ ಭಾಗಿಸಿದರೆ 245 ಮಿಲಿಮೀಟರ್. ಒಂದು ಬೋಗಿಗೆ ಹೆಚ್ಚುಕಡಿಮೆ ಒಂದು ಗೇಣು, ಪರವಾಗಿಲ್ಲ. ಆದರೆ ಇಪ್ಪತ್ತನಾಲ್ಕು ಬೋಗಿಗೆ ಆರು ಮೀಟರ್ ಬೇಕು. ನಮ್ಮ ನಡುಮನೆಯೇ ನಾಲ್ಕು ಮೀಟರ್. ಇನ್ನು ತಿರುವು. ಬ್ರಾಡ್‌ಗೇಜಿನಲ್ಲಿ ಒಂದು ಹಳಿ ಎರಡಾಗುವ ಜಾಗಕ್ಕೆ ಪಾಯಿಂಟು ಎನ್ನುತ್ತಾರಲ್ಲ, ಅದರ ಮಾಮೂಲಿ ನಮೂನೆಗೆ ‘ಹನ್ನೆರಡಕ್ಕೆ ಒಂದು’ ಎಂದು ಹೆಸರು: ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಪಕ್ಕಕ್ಕೆ ಸರಿಯುತ್ತದೆ. ಆ ಬಳುಕಿನ ತ್ರಿಜ್ಯ 441 ಮೀಟರ್. ಎಚ್‌ಒ ಅಳತೆಯಲ್ಲಿ ಅದು ಐದು ಮೀಟರ್! ಅಂಗಡಿಯಲ್ಲಿ ಸಿಗುವ ಪುಟಾಣಿ ಪಾಯಿಂಟಿನ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು. ಅಂದರೆ ಮಾದರಿ ರೈಲು ಕಟ್ಟುವವರೆಲ್ಲರೂ ತಿರುವಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆ, ಎಲ್ಲರೂ ಸೇರಿ ಅದನ್ನು ಒಪ್ಪಿಕೊಂಡಿದ್ದಾರೆ. ಹಳಿಯ ಅಗಲದಲ್ಲೂ ಅಷ್ಟೇ. ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜ್ 87ರಿಂದ ಭಾಗಿಸಿದರೆ 19.3 ಆಗಬೇಕು, ಎಚ್‌ಒ ಹಳಿ ಇರುವುದು 16.5.

ನನಗೆ ಮನೆಯಲ್ಲಿ ಮಂಜೂರಾದದ್ದು ಗೋಡೆಯೊಳಗಿನ ಒಂದು ಗೂಡು. ಹಳೇ ಮನೆಗಳ ದಪ್ಪ ಗೋಡೆಯಲ್ಲಿ ಪುಸ್ತಕಕ್ಕೋ ದೇವರಿಗೋ ಬಿಟ್ಟಿರುತ್ತಾರಲ್ಲ, ಅಂಥದ್ದು. ಉದ್ದ ಮೂರಡಿ, ಆಳ ಹತ್ತು ಇಂಚು. ವಾಮನ ಕೇಳಿದ್ದೂ ಮೂರಡಿಯೇ ಎಂದು ಸಮಾಧಾನ ಮಾಡಿಕೊಂಡೆ.

ಮೂರಡಿ ಎಂದ ಮೇಲೆ ಎಕ್ಸ್‌ಪ್ರೆಸ್ಸಿನ ಮಾತು ಮುಗಿಯಿತು. ಮೀಟರ್‌ಗೇಜಿನ ನೆನಪೇ ಕೈಹಿಡಿಯಿತು. ಎನ್ ಎಂಬ ಸಣ್ಣ ಅಳತೆಯ ಹಳಿ 9 ಮಿಲಿಮೀಟರ್ ಅಗಲ. ಒಂದು ಸಾವಿರವನ್ನು ಒಂಬತ್ತರಿಂದ ಭಾಗಿಸಿ: 111. ಅಂದರೆ ಎಲ್ಲವನ್ನೂ 111 ಪಟ್ಟು ಕುಗ್ಗಿಸಿದರೆ ಆ ಹಳಿ ಕೂದಲೆಳೆಯಷ್ಟೂ ಸುಳ್ಳು ಹೇಳದ ಮೀಟರ್‌ಗೇಜ್ ಆಗುತ್ತದೆ. ಈ 111ರ ಅಳತೆಯಲ್ಲಿ ಅಂಗಡಿಯಲ್ಲಿ ಡಬ್ಬಿ ಸಿಗುವುದಿಲ್ಲ ಎಂಬುದು ನಿಜ. ಚಕ್ರ, ಕೊಕ್ಕೆ ಕೊಂಡು, ಡಬ್ಬಿಯ ಮೈಯನ್ನು ಲಗ್ನಪತ್ರಿಕೆಯ ರಟ್ಟಿನಲ್ಲಿ ಮಾಡಿದೆ. ಈಚಿನ ಲಗ್ನಪತ್ರಿಕೆಗಳ ರಟ್ಟು ಮದುವೆಗಿಂತ ಗಟ್ಟಿ. ಡಬ್ಬಿಯ ಬುಡದ ವಿವರಕ್ಕೆ ಕೆಆರ್‌ಎಸ್ ರಸ್ತೆಯಲ್ಲಿ 1979ರಲ್ಲಿ ತೆರೆದ ರೈಲ್ವೆ ಮ್ಯೂಸಿಯಮ್ಮಿಗೆ ಹೋದೆ. ಮಹಾರಾಣಿಯ ಸಲೂನ್ ಬೋಗಿ ನೋಡಲು ಜನ ಮುಗಿಬೀಳುವಾಗ ಹಳೆಯ ಗಾಡಿಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ರಿಂಗ್ ಪಟ್ಟಿ, ಬ್ರೇಕಿನ ಸರಳು, ಮೆಟ್ಟಿಲು ಯಾವುದು ಎಲ್ಲಿ ಎಂದು ಗುರುತು ಹಾಕಿಕೊಂಡೆ.

ಈಗ ಪ್ರಶ್ನೆ: ಮೂರಡಿಯಲ್ಲಿ ರೈಲು ಮಾಡುವುದಾದರೂ ಏನು? ಸುತ್ತು ಹೊಡೆಯಲಾರದು. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಎರಡು ದಿನದಲ್ಲಿ ಬೇಜಾರು. ಈ ಪ್ರಶ್ನೆಗೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಆಲನ್ ರೈಟ್. ಆ ದೇಶದ ಉತ್ತರದಲ್ಲಿ ಕಿಲ್‌ಹ್ಯಾಮ್ ಎಂಬಲ್ಲಿದ್ದ ಪುಟ್ಟ ಸೈಡಿಂಗನ್ನು ಮಾದರಿ ಇಟ್ಟುಕೊಂಡು ಅವರು ‘ಇಂಗಲ್‌ನುಕ್’ ಎಂಬ ಯಾರ್ಡು ಕಟ್ಟಿದರು. ಇಂಗಲ್‌ನುಕ್ ಎಂದರೆ ಒಲೆಯ ಪಕ್ಕದ ಮೂಲೆ. ನಮ್ಮ ಗೋಡೆಗೂಡಿಗೂ ಒಪ್ಪುವ ಹೆಸರು. ಅದರಲ್ಲಿ ಇರುವುದು ಎರಡೇ ಪಾಯಿಂಟು, ತುದಿ ಮುಚ್ಚಿದ ಮೂರು ಹಳಿ. ಉದ್ದದ ಹಳಿಯಲ್ಲಿ ಐದು ಡಬ್ಬಿ ಹಿಡಿಯುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಮೂರೂ ಹಳಿ ಕೂಡುವ ಕಡೆ ಎಂಜಿನ್ ಹಿಂದೆ ಮುಂದೆ ಆಡುವ ತುಂಡು ಹಳಿ. ರೈಲ್ವೆಯವರು ಶಂಟಿಂಗ್ ನೆಕ್ ಅನ್ನುತ್ತಾರೆ, ನಾನು ಕೊರಳು ಅನ್ನುತ್ತೇನೆ. ಕೊರಳಿನಲ್ಲಿ ಎಂಜಿನ್ ಜೊತೆಗೆ ಮೂರೇ ಡಬ್ಬಿಗೆ ಜಾಗ. ಯಾರ್ಡಿನಲ್ಲಿರುವುದು ಎಂಟು ಡಬ್ಬಿ. ಚೀಟಿ ಎತ್ತಿ ಅದರಲ್ಲಿ ಐದನ್ನು ಆರಿಸಬೇಕು; ಚೀಟಿ ಬಂದ ಕ್ರಮದಲ್ಲೇ ಅವು ಉದ್ದದ ಹಳಿಯಲ್ಲಿ ಸಾಲಾಗಿ ನಿಲ್ಲಬೇಕು. ಅಷ್ಟೇ ಆಟ.

ಎಂಟು ಡಬ್ಬಿ, ಐದು ಜಾಗ. ಎಷ್ಟು ಬಗೆ ಇದ್ದೀತು? ಈ ಲೆಕ್ಕ ಮಾಡಲು ಇಂಗ್ಲೆಂಡಿನತನಕ ಹೋಗಬೇಕಿಲ್ಲ. ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಎಂಟರಿಂದ ಕೆಳಗಿಳಿಯುತ್ತ ಐದು ಸಂಖ್ಯೆ ಗುಣಿಸಿ: 8, 7, 6, 5, 4. ಒಂದರಿಂದ ಮೇಲೇರುತ್ತ ಐದು ಸಂಖ್ಯೆ ಗುಣಿಸಿ: 1, 2, 3, 4, 5. ಮೊದಲನೆಯದು 6,720, ಎರಡನೆಯದು 120. ಭಾಗಿಸಿದರೆ 56. ಎಂಟರಲ್ಲಿ ಐದನ್ನು ಆರಿಸುವ ಬಗೆ 56. ಆರಿಸಿದ ಐದನ್ನು ಸಾಲಾಗಿಡುವ ಬಗೆ 120. ಎರಡನ್ನೂ ಗುಣಿಸಿದರೆ ಮತ್ತೆ 6,720. ದಿನಕ್ಕೊಂದು ಆಡಿದರೆ ಹದಿನೆಂಟು ವರ್ಷ ಮೇಲೆ. ಗೋಡೆಗೂಡಿನ ಎರಡು ಪಾಯಿಂಟಿಗೆ ಇದು ಕಡಿಮೆ ಅಲ್ಲ.

ಇಂಥ ಹುಚ್ಚಿಗೆ ಈ ಊರಲ್ಲಿ ರಾಜಾಶ್ರಯವೂ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಗೀಳು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಕಾಲಿಟ್ಟು ಬರುವ ದಾರಿಗಳನ್ನು ಅವರು ಕೂತು ಹುಡುಕಿದವರು. ಅವರ ಕಾಲದಲ್ಲೇ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ ನಮ್ಮ ಓಣಿಯಿಂದ ಕೂಗಳತೆಯಲ್ಲಿದೆ. ಅದರ ಗೋಡೆಯ ಮೇಲೆ ಆಟದ ಮಣೆಗಳ ಚಿತ್ರ ಬರೆಸಿದ್ದಾರೆ. ರವಿವರ್ಮನ ಚಿತ್ರ ನೋಡಲು ಹೋದವರು ಅವುಗಳ ಮುಂದೆ ನಿಲ್ಲುವುದು ಅಪರೂಪ. ಕುದುರೆಯ ಆಟದಲ್ಲಿ ರುಚಿ ಬರುವುದು ಕುದುರೆ ನೇರ ಹೋಗಲಾರದು ಎಂಬುದರಿಂದ. ಯಾರ್ಡಿನಲ್ಲೂ ಹಾಗೇ: ಕೊರಳು ಗಿಡ್ಡ ಎಂಬುದರಿಂದಲೇ ಆಟ. ನಾನೊಮ್ಮೆ ಕೊರಳಿನ ತುದಿಗೆ ಹಲಗೆ ಸೇರಿಸಿ ಐದು ಡಬ್ಬಿ ಹಿಡಿಯುವಂತೆ ಮಾಡಿ ನೋಡಿದೆ. ಇಡೀ ಸಾಲನ್ನು ಒಂದೇ ಏಟಿಗೆ ಹೊರಗೆಳೆಯಬಹುದು, ಎಷ್ಟು ಬೇಕಾದರೂ ಹಂಚಬಹುದು. ಒಂದು ವಾರದಲ್ಲಿ ಹಲಗೆ ಕಿತ್ತೆ.

ಮತ್ತೆ ಓಣಿಗೆ ಬನ್ನಿ. ಮುಚ್ಚಿದ ಹಳಿಯ ಸ್ವಭಾವ ಅರಿಯಲು ಸ್ಕೂಟರೇ ಸುಲಭ. ಮೂರು ಗಾಡಿ 1, 2, 3 ಎಂಬ ಕ್ರಮದಲ್ಲಿ ಬಂದವು ಅನ್ನಿ. ಮೂರೂ ಒಳಗೆ ಹೋದ ಮೇಲೆಯೇ ಹೊರಗೆ ಬರುವುದಾದರೆ ಒಂದೇ ಕ್ರಮ ಸಾಧ್ಯ: 3, 2, 1. ನಡುವೆ ಹೋಗಿಬರುವ ಅವಕಾಶವಿದ್ದರೆ, ಅಂದರೆ ಮೂರನೆಯದು ಬರುವ ಮೊದಲೇ ಎರಡನೆಯದು ಹೊರಡಬಹುದಾದರೆ, ಇನ್ನೂ ಕೆಲವು ಕ್ರಮಗಳು ಸಿಗುತ್ತವೆ. ಮೂರು ವಸ್ತುವಿಗೆ ಒಟ್ಟು ಆರು ಕ್ರಮ. ಅದರಲ್ಲಿ ಐದು ಆಗುತ್ತದೆ, ಒಂದು ಮಾತ್ರ ಏನು ಮಾಡಿದರೂ ಆಗದು: 3, 1, 2. ಮೂರನೆಯದು ಮೊದಲು ಹೊರಬರಬೇಕಾದರೆ ಅಷ್ಟು ಹೊತ್ತಿಗೆ ಒಂದೂ ಎರಡೂ ಒಳಗಿರಬೇಕು. ಎರಡು ಒಂದಕ್ಕೆ ಅಡ್ಡ ನಿಂತಿದೆ. ಅದು ಹೋಗದೆ ಒಂದು ಹೋಗುವಂತಿಲ್ಲ. ಗಾಡಿ ಹೆಚ್ಚಾದಂತೆ ಆಗದ ಕ್ರಮಗಳೇ ಹೆಚ್ಚು. ನಾಲ್ಕು ಗಾಡಿಗೆ 24ರಲ್ಲಿ 14 ಸಾಧ್ಯ. ನಮ್ಮ ಆರು ಗಾಡಿಗೆ 720ರಲ್ಲಿ 132 ಮಾತ್ರ. ಎಂಟಕ್ಕೆ 40,320ರಲ್ಲಿ 1,430. 1, 2, 5, 14, 42, 132 ಎಂದು ಬೆಳೆಯುವ ಈ ಸಂಖ್ಯೆಗಳಿಗೆ ಕ್ಯಾಟಲಾನ್ ಸಂಖ್ಯೆಗಳೆಂದು ಹೆಸರು.

ಕಂಪ್ಯೂಟರ್ ಓದಿದವರಿಗೆ ಇಷ್ಟು ಹೊತ್ತಿಗೆ ಇದು ‘ಸ್ಟ್ಯಾಕ್’ ಎಂದು ಹೊಳೆದಿರುತ್ತದೆ. ಮೇಲಿಟ್ಟದ್ದನ್ನೇ ಮೊದಲು ತೆಗೆಯಬೇಕಾದ ತಟ್ಟೆಗಳ ರಾಶಿ. ಡೊನಾಲ್ಡ್ ಕ್ನೂತ್ 1968ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕದ ಮೊದಲ ಸಂಪುಟದಲ್ಲಿ ಸ್ಟ್ಯಾಕ್ ಎಂದರೇನೆಂದು ವಿವರಿಸಲು ರೈಲಿನ ಸೈಡಿಂಗನ್ನೇ ಎತ್ತಿಕೊಂಡರು. ಅದಕ್ಕೂ ಮೊದಲು, 1961ರಲ್ಲಿ, ನೆದರ್‌ಲ್ಯಾಂಡ್ಸಿನ ಎಡ್ಸ್‌ಖರ್ ಡೈಕ್‌ಸ್ಟ್ರಾ ಗಣಿತದ ಉಕ್ತಿಯೊಂದನ್ನು ಯಂತ್ರ ಓದುವ ಕ್ರಮಕ್ಕೆ ತಿರುಗಿಸುವ ವಿಧಾನ ಕಂಡುಹಿಡಿದರು. ಕೂಡಿಸು, ಗುಣಿಸು ಎಂಬ ಚಿಹ್ನೆಗಳು ಪಕ್ಕದ ಹಳಿಗೆ ಹೋಗಿ ಕಾದು, ತಮ್ಮ ಸರದಿ ಬಂದಾಗ ಸಾಲು ಸೇರುತ್ತವೆ. ಅದಕ್ಕೆ ಇವತ್ತಿಗೂ ‘ಶಂಟಿಂಗ್ ಯಾರ್ಡ್ ವಿಧಾನ’ ಎಂದೇ ಹೆಸರು. ಕ್ಯಾಲ್‌ಕ್ಯುಲೇಟರ್ ಪ್ರೋಗ್ರಾಂ ಬರೆಯಲು ಕೂತ ವಿದ್ಯಾರ್ಥಿ ಒಂದಲ್ಲ ಒಂದು ದಿನ ಈ ಯಾರ್ಡಿಗೆ ಬಂದೇ ಬರುತ್ತಾನೆ.

ಆದರೆ ಯಾರ್ಡು ಬರೀ ಸ್ಟ್ಯಾಕ್ ಅಲ್ಲ. ಎಂಜಿನ್ ಮತ್ತೆ ಮತ್ತೆ ಒಳಗೆ ಹೋಗಬಹುದು, ಬಿಟ್ಟದ್ದನ್ನು ಎತ್ತಬಹುದು. ಒಂದು ಸಲಕ್ಕೆ ಆಗದ್ದು ನಾಲ್ಕು ಸಲಕ್ಕೆ ಆಗುತ್ತದೆ. ಎಂಜಿನ್ನಿಗೆ ಅಂಟಿಕೊಂಡಂತೆ ಉಪ್ಪಿನ ಡಬ್ಬಿ, ಅದರಾಚೆ ಬೆಲ್ಲದ ಡಬ್ಬಿ ಇದೆ ಅನ್ನಿ. ಬೆಲ್ಲ ಎಂಜಿನ್ನಿನ ಪಕ್ಕಕ್ಕೆ ಬರಬೇಕು. ಎರಡನ್ನೂ ನಡುವಿನ ಹಳಿಗೆ ತಳ್ಳಿ ಬೆಲ್ಲವನ್ನು ಕಳಚಿ ಬಿಡಿ. ಉಪ್ಪನ್ನು ಎಳೆದು ಕೊರಳಿಗೆ ಬನ್ನಿ. ಪಾಯಿಂಟು ಮಗುಚಿ ಪಕ್ಕದ ಹಳಿಗೆ ಉಪ್ಪನ್ನು ತಳ್ಳಿ ಬಿಡಿ. ಬರಿಗೈಯಲ್ಲಿ ವಾಪಸ್. ಪಾಯಿಂಟು ಮತ್ತೆ ಮಗುಚಿ, ಬೆಲ್ಲಕ್ಕೆ ಕೊಕ್ಕೆ ಹಾಕಿ ಎಳೆಯಿರಿ. ಇನ್ನೊಮ್ಮೆ ಮಗುಚಿ, ಬೆಲ್ಲದ ಸಮೇತ ಹೋಗಿ ಉಪ್ಪಿಗೆ ಕೊಕ್ಕೆ ಹಾಕಿ ಎಳೆದು ಬನ್ನಿ. ಈಗ ಎಂಜಿನ್, ಬೆಲ್ಲ, ಉಪ್ಪು. ಎರಡು ಡಬ್ಬಿ ಅದಲುಬದಲಾಗಲು ನಾಲ್ಕು ಸಲ ಹೋಗಿ ನಾಲ್ಕು ಸಲ ಬಂದದ್ದಾಯಿತು. ಈ ಎಂಟು ನಡೆಗಳಲ್ಲಿ ಒಂದೆರಡನ್ನು ಉಳಿಸುವುದು ಹೇಗೆ ಎಂದು ಯೋಚಿಸಲು ಹತ್ತಿದವರು ಆಟಕ್ಕೆ ಬಿದ್ದಂತೆಯೇ.

ಎಲ್ಲ 6,720 ಕ್ರಮಗಳೂ ಸಾಧ್ಯವೇ ಎಂಬ ಅನುಮಾನ ಬರಬೇಕಾದದ್ದೇ. ಹದಿನೈದು ಬಿಲ್ಲೆಗಳನ್ನು ಜಾರಿಸಿ ಸಾಲಾಗಿಡುವ ಆಟ ಚಿಕ್ಕಂದಿನಲ್ಲಿ ಆಡಿರುತ್ತೀರಿ. ಬಿಲ್ಲೆಗಳನ್ನು ಕಿತ್ತು ಮನಸ್ಸಿಗೆ ಬಂದಂತೆ ಕೂರಿಸಿದರೆ ಅರ್ಧದಷ್ಟು ಜೋಡಣೆಗಳು ಜನ್ಮದಲ್ಲಿ ಬಿಡಿಸಲಾಗದವು. ಇಂಗಲ್‌ನುಕ್‌ನಲ್ಲಿ ಆ ತಾಪತ್ರಯವಿಲ್ಲ. ಲಂಡನ್ನಿನ ಸೈಮನ್ ಬ್ಲ್ಯಾಕ್‌ಬರ್ನ್ ಎಂಬ ಗಣಿತದ ಪ್ರೊಫೆಸರ್ ಇದರ ಮೇಲೆಯೇ ಒಂದು ಪ್ರಬಂಧ ಬರೆದು, ಹಳಿ, ಕೊರಳು ಎಷ್ಟೆಷ್ಟು ಉದ್ದವಿದ್ದರೆ ಯಾವ ಕ್ರಮವನ್ನಾದರೂ ತರಬಹುದು ಎಂದು ಸಾಧಿಸಿದ್ದಾರೆ. ಐದು–ಮೂರು–ಮೂರರ ಯಾರ್ಡಿನಲ್ಲಿ ಸಿಕ್ಕಿಹಾಕಿಕೊಂಡರೆ ತಪ್ಪು ಯಾರ್ಡಿನದಲ್ಲ.

ಇನ್ನು ಗೂಡಿನ ಅಳತೆ. ಹೊಸಬರು ಮಾಡುವ ತಪ್ಪು ಅಡಿ, ಇಂಚಿನಲ್ಲಿ ಯೋಚಿಸುವುದು. ಶಂಟಿಂಗ್ ಯಾರ್ಡಿಗೆ ಡಬ್ಬಿಯೇ ಅಳತೆಗೋಲು. ನನ್ನ ಡಬ್ಬಿ ಕೊಕ್ಕೆಯಿಂದ ಕೊಕ್ಕೆಗೆ 70 ಮಿಲಿಮೀಟರ್, ಎಂಜಿನ್ 90. ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಅಷ್ಟಷ್ಟೇ ಉದ್ದದ ಪಟ್ಟಿ ಕತ್ತರಿಸಿ ಗೂಡಿನಲ್ಲಿ ಹಾಸಿದೆ. ಕೊರಳಿಗೆ ಎಂಜಿನ್ 90, ಮೂರು ಡಬ್ಬಿ 210, ಒಟ್ಟು 300. ಒಂದು ಪಾಯಿಂಟಿಗೆ 125. ಉದ್ದದ ಹಳಿಗೆ ಐದು ಡಬ್ಬಿ, 350. ಕೂಡಿದರೆ 775. ಗೂಡು ಮೂರಡಿ, ಅಂದರೆ 914. ಇನ್ನೂ 139 ಮಿಲಿಮೀಟರ್ ಉಳಿದೇಬಿಟ್ಟಿತು! ಆ ತುದಿಯಲ್ಲಿ ಮಂಗಳೂರು ಹೆಂಚಿನ ಒಂದು ಗೂಡ್ಸ್ ಶೆಡ್ಡು ಕಟ್ಟಿದೆ. ಹೆಂಚು ಜೋಡಿಸಲಿಕ್ಕೇ ನಾಲ್ಕು ಭಾನುವಾರ.

ಮೊದಲ ಆಟದಲ್ಲೇ ಎಂಜಿನ್ ಪಕ್ಕದ ಹಳಿಗೆ ಹೋಗುವಾಗ ಉದ್ದದ ಹಳಿಯ ಐದನೇ ಡಬ್ಬಿಯ ಮೂತಿಗೆ ಬಡಿದು, ಉಪ್ಪು ಗೂಡಿನಿಂದ ನೆಲಕ್ಕೆ ಬಿತ್ತು. ನಾನು ಮರೆತದ್ದು ರೈಲ್ವೆಯ ಪಾಯಿಂಟ್ಸ್‌ಮನ್ ಯಾರೂ ಮರೆಯದ ಸಂಗತಿ. ಹಳಿ ಎರಡಾದ ಕೂಡಲೇ ಎರಡರ ಮೇಲೂ ಗಾಡಿ ನಿಲ್ಲಿಸಲಾಗದು. ಡಬ್ಬಿಯ ಮೈ ಹಳಿಗಿಂತ ಅಗಲ. ಹಳಿಗಳು ಸಾಕಷ್ಟು ದೂರವಾಗುವ ತನಕ ಆ ಜಾಗ ಎರಡಕ್ಕೂ ಸೇರಿದ್ದು, ಯಾರಿಗೂ ಸೇರದ್ದು. ನಿಜವಾದ ಯಾರ್ಡಿನಲ್ಲಿ ಎರಡು ಹಳಿ ಅಗಲುವ ಕಡೆ ನಡುವೆ ಗುರುತಿನ ಕಲ್ಲು ನೆಟ್ಟಿರುತ್ತಾರೆ, ಫೌಲಿಂಗ್ ಮಾರ್ಕ್ ಎಂದು ಹೆಸರು. ಡಬ್ಬಿ ಅದರಿಂದ ಒಳಗಿರಬೇಕು. ನನ್ನ ಪಾಯಿಂಟು ಹತ್ತು ಡಿಗ್ರಿ ಅಗಲುತ್ತದೆ, ಅಂದರೆ 100 ಮಿಲಿಮೀಟರ್ ಮುಂದಕ್ಕೆ 17.6 ಪಕ್ಕಕ್ಕೆ. ಎರಡು ಡಬ್ಬಿ ಮೈ ತಾಗದೆ ಹೋಗಲು ಹಳಿಯ ನಡುವಿನಿಂದ ನಡುವಿಗೆ 28 ಬೇಕು. ಅದಕ್ಕೆ ಸೀಳಿದ ಜಾಗದಿಂದ 159 ಮಿಲಿಮೀಟರ್ ಸಾಗಬೇಕು. ಅದರಲ್ಲಿ ಸುಮಾರು 70 ಪಾಯಿಂಟಿನ ಒಳಗೇ ಬರುತ್ತದೆ, 90ರಷ್ಟು ಹೊರಗೆ. 775ಕ್ಕೆ 90 ಸೇರಿ 865. ತುದಿಗೆ ಬಫರ್ ನಿಲ್ಲಿಸಿದ ಮೇಲೆ ಉಳಿದದ್ದು ಎರಡು ಬೆರಳಿನಷ್ಟು ಜಾಗ. ಗೂಡ್ಸ್ ಶೆಡ್ಡು ಈಗ ಹಳಿಯ ಹಿಂದೆ ಗೋಡೆಗೆ ಒತ್ತಿ ಅರ್ಧ ಮಾತ್ರ ನಿಂತಿದೆ. ಇನ್ನರ್ಧ ಅಟ್ಟದ ಮೇಲಿದೆ, ನಾಲ್ಕು ಭಾನುವಾರದ ಕೆಲಸ, ಎಸೆಯಲು ಮನಸ್ಸಿಲ್ಲ.

ಕುಗ್ಗಿಸುವಾಗ ಎಲ್ಲವೂ ಒಂದೇ ಹದದಲ್ಲಿ ಕುಗ್ಗುವುದಿಲ್ಲ ಎಂಬುದು ಇಲ್ಲಿಯ ನಿಜವಾದ ಭೌತಶಾಸ್ತ್ರ. ಉದ್ದ 111 ಪಟ್ಟು ಕುಗ್ಗಿತು. ಘನಗಾತ್ರ ಉದ್ದ, ಅಗಲ, ಎತ್ತರ ಮೂರರಲ್ಲೂ ಕುಗ್ಗುತ್ತದೆ. 111ನ್ನು ಮೂರು ಸಲ ಗುಣಿಸಿದರೆ ಹದಿಮೂರು ಲಕ್ಷ ಅರವತ್ತೇಳು ಸಾವಿರ ಚಿಲ್ಲರೆ. ಇಪ್ಪತ್ತು ಟನ್ನಿನ ಡಬ್ಬಿ ಹದಿನೈದು ಗ್ರಾಂ ಆಗಿಬಿಡುತ್ತದೆ. ರಟ್ಟಿನ ಡಬ್ಬಿ ಅಷ್ಟೂ ತೂಗದೆ ಹಳಿ ಬಿಟ್ಟು ಹಾರುತ್ತಿತ್ತು. ತಳಕ್ಕೆ ವಾಷರ್ ಅಂಟಿಸಿ ಹದಿನೈದಕ್ಕೆ ತಂದೆ. ಆದರೂ ಒಂದು ಕೆಲಸ ಆಗಲಿಲ್ಲ. ನಿಜವಾದ ಯಾರ್ಡಿನಲ್ಲಿ ಎಂಜಿನ್ ಒಂದು ದೂಕು ಕೊಟ್ಟು ನಿಂತರೆ ಕೊಕ್ಕೆ ಬಿಟ್ಟ ಡಬ್ಬಿ ತನ್ನಷ್ಟಕ್ಕೆ ಉರುಳಿಕೊಂಡು ಹೋಗುತ್ತದೆ. ನನ್ನ ಡಬ್ಬಿ ಬಿಟ್ಟಲ್ಲೇ ನಿಲ್ಲುತ್ತದೆ. ತೂಕ ಲಕ್ಷಗಟ್ಟಲೆ ಪಟ್ಟು ಕುಗ್ಗಿತು, ಅಚ್ಚಿನ ತಿಕ್ಕಾಟ ಅಷ್ಟು ಕುಗ್ಗಲಿಲ್ಲ.

ವೇಗದ ಮಾತೂ ಅಷ್ಟೇ. ಶಂಟಿಂಗಿಗೆ ನಮ್ಮ ರೈಲ್ವೆಯ ಮಿತಿ ಗಂಟೆಗೆ 15 ಕಿಲೋಮೀಟರ್. 111ರಿಂದ ಭಾಗಿಸಿ ಸೆಕೆಂಡಿಗೆ ತಂದರೆ 37.5 ಮಿಲಿಮೀಟರ್. ಸಕ್ಕರೆ ಡಬ್ಬಿ ಕಂಡ ಇರುವೆಯ ನಡಿಗೆ. ಎರಡೂವರೆ ಅಡಿ ಸಾಗಲು ಇಪ್ಪತ್ತು ಸೆಕೆಂಡು. ಮಕ್ಕಳು ಬಂದರೆ ಜೋರಾಗಿ ಓಡಿಸಿ ಅಂಕಲ್ ಅನ್ನುತ್ತವೆ. ಓಡಿಸಿದರೆ ಇಡೀ ರೈಲು ಎರಡು ಸೆಕೆಂಡಿನದು. ನಿಧಾನವಾದಷ್ಟೂ ಗೂಡು ದೊಡ್ಡದಾಗುತ್ತದೆ.

ಆದರೆ ನಿಧಾನ ಹೋಗುವ ಎಂಜಿನ್ ಪಾಯಿಂಟಿನ ಮೇಲೆ ನಿಂತುಬಿಡುವುದು ಈ ಹವ್ಯಾಸದ ದೊಡ್ಡ ಗೋಳು. ವಿದ್ಯುತ್ತು ಬರುವುದು ಹಳಿಯಿಂದ, ಒಂದು ಹಳಿ ಧನ, ಇನ್ನೊಂದು ಋಣ. ಎರಡು ದಾರಿಯ ಒಳಹಳಿಗಳು ಒಂದನ್ನೊಂದು ದಾಟುವ ಜಾಗವನ್ನು, ಅಂದರೆ ಪಾಯಿಂಟಿನ ಮೂಗನ್ನು ನೋಡಿ: ನೇರ ಹೋಗುವಾಗ ಆ ಮೂಗು ಒಂದು ಹಳಿಗೆ ಸೇರಿದ್ದು, ತಿರುಗುವಾಗ ಇನ್ನೊಂದಕ್ಕೆ. ತಂತಿ ಸುಮ್ಮನೆ ಕೊಟ್ಟರೆ ಶಾರ್ಟು. ಅದಕ್ಕೇ ಅಗ್ಗದ ಪಾಯಿಂಟಿನಲ್ಲಿ ಮೂಗನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಉದ್ದನೆಯ ಎಂಜಿನ್ನಿಗೆ ಉಳಿದ ಚಕ್ರಗಳಿಂದ ಕರೆಂಟು ಸಿಗುತ್ತದೆ, ಗಿಡ್ಡ ಶಂಟಿಂಗ್ ಎಂಜಿನ್ನಿನ ಕಾಲೇ ಅಲ್ಲಿರುತ್ತದೆ. ಲೋಹದ ಮೂಗಿನ ಪಾಯಿಂಟು ತಂದು, ಪಾಯಿಂಟು ಮಗುಚುವ ಸರಳಿಗೇ ಒಂದು ಸ್ವಿಚ್ಚು ಕಟ್ಟಿ, ದಾರಿ ಬದಲಾದಾಗ ಮೂಗಿನ ಧ್ರುವವೂ ಬದಲಾಗುವಂತೆ ಮಾಡಿದ ಮೇಲೆ ನೆಮ್ಮದಿ. ಉಳಿದದ್ದು ಧೂಳು. ದಸರಾ ಮುಗಿದ ಮೇಲೆ ನಮ್ಮ ಕಡೆ ಹಾರುವ ಧೂಳಿಗೆ ವಾರಕ್ಕೆರಡು ಸಲ ಹಳಿ ಒರೆಸಬೇಕು.

ಕೊಕ್ಕೆ ಬಿಡಿಸಲು ಆಯಸ್ಕಾಂತದ ಏರ್ಪಾಡು ಸಿಗುತ್ತದೆ. ನಾನು ಉರಿದು ಮುಗಿದ ಊದುಬತ್ತಿಯ ಕಡ್ಡಿ ಬಳಸುತ್ತೇನೆ. ತೆಳು, ಬಳುಕು, ವಿದ್ಯುತ್ತು ಹರಿಯದು. ದೇವರ ಮನೆಯಲ್ಲಿ ದಿನಕ್ಕೆರಡು ಹೊಸದು ತಯಾರು.

ಒಂದು ಮಾತನ್ನು ಮುಚ್ಚಿಡಬಾರದು. ನಾನು ಗೂಡಿನಲ್ಲಿ ಆಡುವ ಈ ಕೆಲಸ ಹೊರಗೆ ಹೆಚ್ಚುಕಡಿಮೆ ನಿಂತೇಹೋಗಿದೆ. 1980ರ ದಶಕದಿಂದ ನಮ್ಮ ರೈಲ್ವೆ ಬಿಡಿ ಡಬ್ಬಿಗಳ ಸಾಗಣೆಯನ್ನು ಕೈಬಿಡುತ್ತ ಬಂತು. ಡಬ್ಬಿಗಳು ಚಲಿಸುವುದಕ್ಕಿಂತ ಯಾರ್ಡುಗಳಲ್ಲಿ ಸರದಿ ಕಾಯುವುದೇ ಹೆಚ್ಚಾಗಿತ್ತು. ಈಗ ಐವತ್ತೆಂಟು ಕಲ್ಲಿದ್ದಲಿನ ವ್ಯಾಗನ್ನು ಒಂದೇ ಸಾಲಾಗಿ ಗಣಿಯಿಂದ ಹೊರಟು ಒಂದೇ ಸಾಲಾಗಿ ಸ್ಥಾವರ ಸೇರುತ್ತವೆ; ನಡುವೆ ಯಾರೂ ಮುಟ್ಟುವುದಿಲ್ಲ. ದೇಶಕ್ಕೆ ಅದು ಒಳ್ಳೆಯದೇ. ಆದರೆ ಅಂಥ ಸಾಲಿನಲ್ಲಿ ಒಗಟಿಗೆ ಜಾಗವಿಲ್ಲ. ಹಾಗಾಗಿ ನನ್ನ ಗೂಡಿನಲ್ಲಿ ಕಾಲ ಮೀಟರ್‌ಗೇಜಿನಲ್ಲೇ ನಿಂತಿದೆ, ಡಬ್ಬಿಗಳ ಮೇಲೆ ಬರೆದದ್ದು ಉಪ್ಪು, ಬೆಲ್ಲ, ರಾಗಿ, ರೇಷ್ಮೆ, ಗಂಧ, ಸಕ್ಕರೆ, ಗೊಬ್ಬರ, ಸೀಮೆಎಣ್ಣೆ.

ಚೀಟಿಯ ಬದಲು ಎಂಟು ಹುಣಸೆಬೀಜ. ಒಂದು ಬದಿ ತೇಯ್ದು ಬೆಳ್ಳಗೆ ಮಾಡಿ ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದಿದ್ದೇನೆ. ನಿನ್ನೆ ನಿದ್ದೆ ಹತ್ತದೆ ನಾಲ್ಕಕ್ಕೇ ಎದ್ದು ಡಬ್ಬ ಕುಲುಕಿ ಐದು ಬೀಜ ಎತ್ತಿದೆ: ರೇಷ್ಮೆ, ಗೊಬ್ಬರ, ಉಪ್ಪು, ಗಂಧ, ಬೆಲ್ಲ. ರೇಷ್ಮೆಯ ಪಕ್ಕ ಗೊಬ್ಬರ ಯಾವ ಸ್ಟೇಷನ್ ಮಾಸ್ಟರೂ ಒಪ್ಪುವ ಜೋಡಿಯಲ್ಲ, ಆದರೂ ಬೀಜ ಹೇಳಿದ್ದೇ ಕಾನೂನು. ರೇಷ್ಮೆ ಸರಿಯಾಗಿ ಬಫರಿನ ಹತ್ತಿರ ಹೋಯಿತು. ಗೊಬ್ಬರ, ಉಪ್ಪು ಹಿಂದೆಯೇ ಬಂದವು. ಗಂಧ ನಡುವಿನ ಹಳಿಯ ತುದಿಯಲ್ಲಿ ಕೂತಿತ್ತು, ಅದಕ್ಕೆ ಅಡ್ಡವಾಗಿ ರಾಗಿ, ಸಕ್ಕರೆ. ಎರಡನ್ನೂ ಎಳೆದು ಕೊರಳಿಗೆ ತಂದು, ಪಕ್ಕದ ಹಳಿಯಲ್ಲಿ ಜಾಗ ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದೆ. ಅಲ್ಲಿ ಸೀಮೆಎಣ್ಣೆ, ಬೆಲ್ಲ ಎರಡೂ ಇದ್ದವು. ಜಾಗ ಇರುವುದು ಒಂದಕ್ಕೇ.

ಓಣಿಯಿಂದ ಕೂಗು ಬಂತು: ‘ಸಾ, ನಿಮ್ ಗಾಡಿ ಅಡ್ಡ ಅದೆ, ಒಸಿ ತೆಗೀರಿ ಸಾ!’